ಬಂಗುಡೆಯ ಮೈ ತೆರವು ಮಾಡಿಕೊಡಬೇಕೆಂದು ನುಸಿಗಳಲ್ಲಿ ವಿನಂತಿ

ನಮ್ಮ ನಾಯಿ ಬಂಗುಡೆಯ ಚರ್ಮದೊಳಗೆ ಸುರಂಗ ಕೊರೆದು, ಸಂಸಾರ ಹೂಡಿ, ಮೊಟ್ಟೆ ಮರಿಗಳೊಂದಿಗೆ ಸುಖವಾಗಿರುವ ಸಮಸ್ತ ನುಸಿ ಮಹನೀಯರಿಗೆ ಕಾಪುವಿನಿಂದ ಆಶ್ರಿತಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ದೂರು ಹೇಳುವ ಮೊದಲು, ಇಷ್ಟು ದಿನ ಅಂಗಿಯ ಒಳಗೆ ಮುಚ್ಚಿಟ್ಟುಕೊಂಡಿದ್ದ ಒಂದು ವಿಷಯವನ್ನು ಒಪ್ಪಿಕೊಂಡುಬಿಡುತ್ತೇನೆ. ತಾವು ಬಂಗುಡೆಯ ಮೇಲೆ ಮಾತ್ರವಲ್ಲ, ನನ್ನ ಮೇಲೂ ಇದ್ದೀರಿ. ಹೊಟ್ಟೆಯ ಸುತ್ತ, ಮೊಣಕೈಯ ಮಡಿಕೆಯಲ್ಲಿ, ಅವಳನ್ನು ಎತ್ತಿಕೊಂಡಾಗ ಮೈಗೆ ಮೈ ತಾಗುವ ಕಡೆಯೆಲ್ಲ ತಮ್ಮ ಕೆಂಪು ಗುರುತುಗಳಿವೆ. ಈ ಸೆಕೆಯಲ್ಲಿ ತುಂಬುತೋಳಿನ ಅಂಗಿ ಏಕೆಂದು ಅಮ್ಮ ಕೇಳಿದಾಗ ಈಗ ಇದೇ ಫ್ಯಾಷನ್ ಎಂದೆ. ಸುಳ್ಳು ಹೇಳಲು ಬಾರದೆ ಕೆಲಸ ಕಳೆದುಕೊಂಡವಳು ನಾನು. ಮಣಿಪಾಲದ ಮೊಬೈಲ್ ಅಂಗಡಿಯಲ್ಲಿ, ಒರಿಜಿನಲ್ ಎಂದು ಮಾರುತ್ತಿದ್ದ ಚಾರ್ಜರ್ ಒರಿಜಿನಲ್ ಅಲ್ಲವೆಂದು ಗಿರಾಕಿಗೇ ಹೇಳಿ ಅದೇ ದಿನ ಮನೆಗೆ ಬಂದವಳು. ಅಂಥವಳಿಂದ ಸುಳ್ಳು ಹೇಳಿಸಿದ ಕೀರ್ತಿ ತಮಗೆ ಸಲ್ಲಬೇಕು. ನನಗೂ ತುರಿಕೆ ಎಂದು ತಿಳಿದಿದ್ದರೆ ಅಪ್ಪ ಬಂಗುಡೆಯನ್ನು ಆ ಹೊತ್ತಿಗೇ ಟೆಂಪೋದಲ್ಲಿ ಕೂರಿಸಿ ಸಂತೆಕಟ್ಟೆಯ ಹೆದ್ದಾರಿಯಲ್ಲಿ ಇಳಿಸಿ ಬರುತ್ತಿದ್ದರು.

ಬಂಗುಡೆ ಎಂಬ ಮೀನಿನ ಹೆಸರು ಬಂದದ್ದು ಅವಳ ಬೆನ್ನಿನಿಂದ. ಬೂದು ಮೈಯ ಮೇಲೆ ಕಪ್ಪು ಗೆರೆ, ಬಿಸಿಲು ಬಿದ್ದರೆ ಆಗಷ್ಟೇ ಬಲೆಯಿಂದ ಬಿಡಿಸಿದ ಮೀನಿನ ಹೊಳಪು. ತಾವು ಬಂದ ಮೇಲೆ ಮೊದಲು ಕಿವಿಯ ಅಂಚು ಬೋಳಾಯಿತು, ಆಮೇಲೆ ಮೊಣಕಾಲು, ಆಮೇಲೆ ಬೆನ್ನು. ಈಗ ಅವಳು ಸಾರಿಗೆಂದು ಹೆರೆದು ತೊಳೆದಿಟ್ಟ ಮೀನಿನ ಹಾಗಿದ್ದಾಳೆ. ನಮ್ಮ ಅಪ್ಪ ವಿಠಲ ಮೀನಿನ ವ್ಯಾಪಾರಿ. ಬೆಳಿಗ್ಗೆ ಅಂಗಳದಲ್ಲಿಯೇ ಮೀನು ಮಾರುವವರು. ಆ ಅಂಗಳದಲ್ಲಿ ಕುಳಿತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವ ನಾಯಿಯನ್ನು ಕಂಡ ಗಿರಾಕಿಗಳು, ಬುಟ್ಟಿಯಲ್ಲಿದ್ದ ಬಂಗುಡೆಯನ್ನೂ ಅನುಮಾನದಿಂದ ನೋಡತೊಡಗಿದರು. ಕೂದಲು ಉದುರಿದ್ದು ನಾಗದೋಷವೆಂದು ನಾಗನ ಹೆಸರೆತ್ತಿದವರೂ ಇದ್ದಾರೆ. ಪಾಪ, ತಾವು ಮಾಡಿದ ಕೆಲಸದ ಹೆಸರು ಅವನಿಗೆ.

ತಮ್ಮ ಶ್ರದ್ಧೆಯನ್ನು ಹೊಗಳದೆ ಇರುವುದು ಸಾಧ್ಯವಿಲ್ಲ. ನಾನು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟೆ, ಬೇಕರಿಯನ್ನು ಬಿಟ್ಟೆ, ಟೈಲರಿಂಗನ್ನು ಅಂಗಿಯ ಒಂದು ತೋಳಿನವರೆಗೆ ಕಲಿತು ಬಿಟ್ಟೆ. ತಾವು ಕಣ್ಣಿಗೆ ಕಾಣದಷ್ಟು ಸಣ್ಣವರಾದರೂ ಹಿಡಿದ ಕೆಲಸವನ್ನು ಬಾಲದ ತುದಿಯವರೆಗೂ ಕೊಂಡೊಯ್ದಿರಿ. ಮೇಷ್ಟ್ರುಗಳು ಇಷ್ಟು ವರ್ಷ ಇರುವೆಯನ್ನೇ ಉದಾಹರಣೆ ಕೊಡುತ್ತಾ ತಮಗೆ ಅನ್ಯಾಯ ಮಾಡಿದ್ದಾರೆ.

ಇನ್ನು ಮುಖ್ಯ ದೂರು. ಅದು ತಮ್ಮ ಹೆಸರಿನ ಬಗ್ಗೆ.

ಉಡುಪಿಯ ಪಶುವೈದ್ಯೆ ಡಾ. ಸೋಫಿಯಾ ಅವರಿಗೆ ನಾನು ಫೋಟೋ ಕಳಿಸಿ ಫೋನ್ ಮಾಡಿದಾಗ, ಮನೆಯವರೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದ್ದು ನನ್ನ ತಪ್ಪು. ಅವರು "ನೋಡಿದರೆ ನುಸಿಯ ಹಾಗೆ ಕಾಣುತ್ತದೆ, ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಎಂತದೂ ಹಚ್ಚಬೇಡಿ" ಎಂದರು. ನಮ್ಮ ಮನೆಯವರಿಗೆ ಕೇಳಿಸಿದ್ದು ಎರಡನೆಯ ಪದ ಮಾತ್ರ. ಅಮ್ಮ ಕುಶಲಾ ಕುಂದಾಪುರ ಕಡೆಯವರು. ಅಲ್ಲಿ ನುಸಿ ಎಂದರೆ ಸೊಳ್ಳೆ. "ನುಸಿ ಕಚ್ಚಿರೆ ಕೂದ್ಲ್ ಉದುರತ್ತಾ? ಹಾಂಗಾರೆ ನಮ್ ತಲೆಯಂಗೆ ಒಂದ್ ಕೂದ್ಲೂ ಇರ್ತಿರ್ಲಿಲ್ಲೆ" ಎಂದು ನಗುತ್ತಲೇ ಅವರು ಬಂಗುಡೆಯ ಗೋಣಿಯ ಪಕ್ಕ ಸೊಳ್ಳೆಬತ್ತಿ ಹಚ್ಚಿಟ್ಟರು. ಬಂಗುಡೆ ಎರಡು ಸಲ ಸೀನಿ ಜಾಗ ಬದಲಿಸಿದಳು. ಅಲ್ಲಿಗೆ ಮುಗಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ.

ಅಪ್ಪನಿಗೆ ನುಸಿ ಎಂದರೆ ತೆಂಗಿನ ನುಸಿ. ಎಳೆಗಾಯಿಯ ತೊಟ್ಟಿನಲ್ಲಿ ಕುಳಿತು ಸಿಪ್ಪೆಯನ್ನು ಕಂದು ಮಾಡುವ, ಕಾಯಿಯನ್ನು ಮುಷ್ಟಿಯಷ್ಟಕ್ಕೇ ನಿಲ್ಲಿಸುವ ತಮ್ಮ ದೂರದ ಸಂಬಂಧಿಕರು. ಅವರಿಗಾಗಿ ತಂದ ಮದ್ದು ಬಚ್ಚಲಿನ ಹಿಂದೆ ಉಳಿದಿತ್ತು. "ಇಷ್ಟು ದೊಡ್ಡ ಮರದ ನುಸಿಯೇ ಹೋಗುತ್ತದಂತೆ, ಈ ನಾಯಿಯದ್ದು ಯಾವ ಲೆಕ್ಕ" ಎಂದು ಅವರು ನಾನಿಲ್ಲದಾಗ ಬಟ್ಟೆ ಅದ್ದಿ ಬಂಗುಡೆಯ ಬೆನ್ನಿಗೆ ಹಚ್ಚಿದರು. ಅಪ್ಪನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಇದ್ದದ್ದು ತಮ್ಮ ಹೆಸರು ಮಾತ್ರ. ನಾನು ಬಂದಾಗ ಅವಳ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕಾಲುಗಳು ನಡುಗುತ್ತಿದ್ದವು. ಬಾವಿಕಟ್ಟೆಯಲ್ಲಿ ಸಾಬೂನು ಹಾಕಿ ತೊಳೆದೆ. ಅಪ್ಪ ಟೆಂಪೋ ತೆಗೆದರು, ಉಡುಪಿಯವರೆಗೂ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಅಲ್ಲಿ ಡಾಕ್ಟರು ಎಂತ ಹಚ್ಚಿದ್ದೀರೆಂದು ಕೇಳಿದಾಗ ಅಪ್ಪ "ಎಂತದೂ ಇಲ್ಲ ಡಾಕ್ಟ್ರೇ, ಸ್ವಲ್ಪ ಬೇವಿನೆಣ್ಣೆ" ಎಂದರು. ಹೊರಡುವಾಗ ಎತ್ತಿಕೊಂಡಿದ್ದ ತೆಂಗಿನ ಮದ್ದಿನ ಬಾಟಲಿಯನ್ನು ನಾನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಯಾವ ವಿಷವೆಂದು ತಿಳಿಯದೆ ಅದಕ್ಕೆ ಮದ್ದು ಕೊಡುವುದು ಹೇಗೆ? ಡಾ. ಸೋಫಿಯಾ ಲೇಬಲ್ ಓದಿ, ಸೂಜಿ ತುಂಬಿಸಿಕೊಳ್ಳುತ್ತಲೇ "ಇದು ನಾಯಿಯಾ, ತೆಂಗಿನ ಮರವಾ ಮಾರಾಯ್ರೇ?" ಎಂದರು. ಹೊರಗೆ ನಾಯಿ ಬೆಕ್ಕು ಹಿಡಿದು ಕುಳಿತವರೆಲ್ಲ ನಕ್ಕರು. ಬಂಗುಡೆ ಬದುಕಿದಳು. ಅಪ್ಪ ಹಿಂದಿರುಗುವ ದಾರಿಯಲ್ಲಿ "ನಿನ್ನ ಸತ್ಯಕ್ಕೆ ಬ್ರೇಕ್ ಎಂಬುದು ಇಲ್ಲವಾ?" ಎಂದು ಕೇಳಿದರು. ಅದಾದ ಮೇಲೆ ನನ್ನೊಡನೆ ಮಾತಾಡಿಲ್ಲ. ನಾಯಿ ಅಂಗಳದಲ್ಲಿ ಇರಕೂಡದು, ಇಟ್ಟುಕೊಳ್ಳುವವರು ಬೇರೆ ಅಂಗಳ ನೋಡಿಕೊಳ್ಳಲಿ ಎಂದು ಅಮ್ಮನ ಮೂಲಕ ತಿಳಿಸಿದ್ದಾರೆ.

ವಿಷ ಇಳಿದ ಮೇಲೆ ಮತ್ತೆ ಕರೆದೊಯ್ದಾಗ ಡಾಕ್ಟರು ಅವಳ ಕಿವಿಯಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು, ಮೈಕ್ರೊಸ್ಕೋಪಿನಲ್ಲಿ ತಮ್ಮ ದರ್ಶನ ಮಾಡಿಸಿದರು. ದುಂಡು ಹೊಟ್ಟೆ, ಮೋಟು ಕಾಲು. ಊಟವಾದ ಮೇಲೆ ಏಳಲಾಗದೆ ಕುಳಿತ ನೆಂಟರ ಹಾಗಿದ್ದಿರಿ. ಮಾತ್ರೆ ಕೊಟ್ಟರು, ತಿಂಗಳು ಕಳೆದು ಮತ್ತೊಂದು ಎಂದರು, ಗೋಣಿ ಸುಟ್ಟು ಹಾಸುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು, ಬೇರೆ ನಾಯಿಗಳ ಹತ್ತಿರ ಬಿಡಬಾರದು ಎಂದರು. "ಕೂದಲು ಬಂತೆಂದು ನಡುವೆ ನಿಲ್ಲಿಸಬೇಡಿ. ಕೋರ್ಸ್ ಅರ್ಧಕ್ಕೆ ಬಿಡುವವರೇ ಹೆಚ್ಚು" ಎಂದರು. ಜೊತೆಗೆ ಬಂದಿದ್ದ ಅಮ್ಮ ನನ್ನ ಮುಖ ನೋಡಿದರು. ಮನೆಯಲ್ಲಿ ಯಾರಿಗಾದರೂ ತುರಿಕೆ ಉಂಟೇ ಎಂದು ಡಾಕ್ಟರು ಕೇಳಿದಾಗ, ಬಾಟಲಿ ತೆಗೆದು ಮೇಜಿನ ಮೇಲಿಟ್ಟ ಇದೇ ಆಶ್ರಿತಾ, ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಇಲ್ಲ ಎಂದಳು.

ಇಂದು ಅವರಿಗೆ ಫೋನ್ ಮಾಡಿ ನಿಜ ಹೇಳಿದ್ದೇನೆ. ಸ್ಪೀಕರ್ ಹಾಕಲಿಲ್ಲ. "ಮನುಷ್ಯರ ಡಾಕ್ಟರಿಗೆ ತೋರಿಸು ಮಾರಾಯ್ತಿ. ನಾಯಿಯದ್ದು ಹೋದರೆ ನಿನ್ನದೂ ಹೋಗುತ್ತದೆ" ಎಂದರು.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಸೊಳ್ಳೆಗಳು, ತೆಂಗಿನವರು ಮತ್ತು ನಾಯಿಯವರು, ಈ ಮೂರೂ ಪಂಗಡದ ಮುಖಂಡರು ಯಾವುದಾದರೂ ಮರದ ನೆರಳಿನಲ್ಲಿ ಸಭೆ ಸೇರಿ, ನುಸಿ ಎಂಬ ಹೆಸರನ್ನು ಯಾರಿಗಾದರೂ ಒಬ್ಬರಿಗೆ ಬಿಟ್ಟುಕೊಟ್ಟು, ಉಳಿದವರು ಹೊಸ ಹೆಸರಿಟ್ಟುಕೊಂಡು ಕರಾವಳಿಯ ಮನೆಮನೆಗೆ ತಿಳಿಸಬೇಕು. ಬಂಗುಡೆಯ ಮೈಯನ್ನು ಬಂದ ದಾರಿಯಲ್ಲೇ ತೆರವು ಮಾಡುವಾಗ ಕೂದಲನ್ನು ಇದ್ದ ಜಾಗದಲ್ಲಿಯೇ, ಗೆರೆ ತಪ್ಪದಂತೆ, ನೆಟ್ಟು ಹೋಗಬೇಕು. ಇವೆಲ್ಲ ಕಷ್ಟವಾದರೆ ಮಾತ್ರೆ ತನ್ನ ಕೆಲಸ ಮಾಡಲಿದೆ. ನಾನು ಈ ಸಲ ಕೋರ್ಸ್ ಬಿಡುವುದಿಲ್ಲ.

ಸದ್ಯಕ್ಕೆ ಬಂಗುಡೆಯೊಡನೆ ಒಂದೇ ಚರ್ಮದ ಕಷ್ಟದಲ್ಲಿರುವ, ತಮ್ಮ ವಿಶ್ವಾಸಿ,
ಆಶ್ರಿತಾ

ವಿ.ಸೂ.: ಬೆಳ್ಮಣ್‌ನ ಮನೋರಮಾ ಚಿಕ್ಕಮ್ಮನ ಹಳೆಯ ಕೊಟ್ಟಿಗೆ ಖಾಲಿ ಉಂಟು. "ನಾಯಿ ಬರಲಿ, ಅಡ್ಡಿ ಇಲ್ಲ. ನೀನು ಎಷ್ಟು ದಿನ ನಿಲ್ಲುತ್ತಿ, ಅದು ಹೇಳು" ಎಂದು ಕೇಳಿದ್ದಾರೆ. ತಾವು ಅವಳ ಮೈ ಬಿಡುವವರೆಗೆ ಎಂದಿದ್ದೇನೆ. ತಮ್ಮ ಮರ್ಯಾದೆಯೂ ಇದರಲ್ಲಿ ಸೇರಿದೆ. ಸಂಜೆ ಬಚ್ಚಲಿನ ಹಿಂದೆ ಹೋದಾಗ ಆ ಬಾಟಲಿ ಎತ್ತರದ ಮೊಳೆಗೆ ನೇತುಬಿದ್ದಿತ್ತು. ಅದರ ಮೇಲೆ ಅಂಟಿಸಿದ ಕಾಗದದಲ್ಲಿ, ಮೀನಿನ ಪೆಟ್ಟಿಗೆಗೆ ಹೆಸರು ಬರೆಯುವ ಅಪ್ಪನ ದಪ್ಪ ಅಕ್ಷರದಲ್ಲಿ, "ತೆಂಗಿಗೆ ಮಾತ್ರ" ಎಂದಿತ್ತು. ಅವರು ಇನ್ನೂ ಮಾತಾಡಿಲ್ಲ. ನಾವು ಬೆಳ್ಮಣ್‌ಗೆ ಹೋಗಲು ನಮ್ಮೂರಿನ ಅಂಗಾರಣ್ಣನ ಗೂಡ್ಸ್ ರಿಕ್ಷಾಕ್ಕೆ ಹೇಳಿದವರು ಮಾತ್ರ ಅವರೇ ಅಂತೆ. ನಾಳೆ ಬೆಳಿಗ್ಗೆ ಬಂಗುಡೆಯೂ ನಾನೂ ಹೊರಡುತ್ತೇವೆ.