ನಮ್ಮ ಮಾಮಾ ಕದ್ದ ಚಾವಿಗಳು

ನಮ್ಮ ಸೋದರಮಾವ ಕಳ್ಳ. ಇಳಕಲ್ಲಿನಲ್ಲಿ ಯಾರನ್ನು ಬೇಕಾದರೂ ಕೇಳಿ! ಆದರೆ ಗಾಡಿ ಕದಿಯುವುದಿಲ್ಲ, ಗಾಡಿಯ ಚಾವಿ ಮಾತ್ರ. ಅದೂ ಮಾಲೀಕ ಎದುರಿಗೇ ಇರುವಾಗ. ಇಂಜಿನ್ ಚಾಲೂ ಇಟ್ಟು ಯಾರಾದರೂ ಹರಟೆ ಹೊಡೆಯುತ್ತ ನಿಂತರೆ ಮುಗಿಯಿತು. ಎಪ್ಪತ್ತರ ಹತ್ತಿರದ ಈ ಮನುಷ್ಯ ಸರ್ರನೆ ಹೋಗಿ, ಚಾವಿ ತಿರುವಿ, ಕಿತ್ತು, ತನ್ನ ಕಿಸೆಗೆ ಇಳಿಸಿಬಿಡುತ್ತಾನೆ. ಬೈಸಿಕೊಳ್ಳುವವನು ಯಾರು? ಜೊತೆಗಿರುವ ನಾನು!

ಒಮ್ಮೆ ಸೀರೆ ಅಂಗಡಿಯ ಮುಂದೆ ಒಬ್ಬ ತರುಣ ಬೈಕನ್ನು ಗುರುಗುಟ್ಟಿಸುತ್ತ ಫೋನಿನಲ್ಲಿ ಮಾತಾಡುತ್ತಿದ್ದ. ಚಾವಿ ಹೋಯಿತು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ ಯಜಮಾನ್ರ, ನಿಮ್ಮಪ್ಪನ ಪೆಟ್ರೋಲೇನು?"

"ಅಲ್ಲೋ ತಮ್ಮಾ, ನಿನ್ನ ಮೊಮ್ಮಗಂದು!"

ಅಷ್ಟಕ್ಕೆ ಬಿಟ್ಟರೆ ಮಾಮಾ ಹೇಗಾದಾನು? ಚಹಾದಂಗಡಿಯ ಪೇಪರು ಓದಿ ಓದಿ ಎಣ್ಣೆಯ ಚರಿತ್ರೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾನೆ. "ಮೊದಲ ಜನಾ ನೆಲಾ ತೋಡಿದ್ದು ದೀಪಾ ಹಚ್ಚೋ ಚಿಮಣಿ ಎಣ್ಣಿಗಾಗಿ. ಈ ಪೆಟ್ರೋಲ್ ಇತ್ತಲ್ಲ, ಇದನ್ನ ಹೊಲಸು ಅಂತ ಹಳ್ಳಕ್ಕ ಚೆಲ್ಲತಿದ್ರು! ಈಗ ಅದ ಹೊಲಸಿಗೆ ದೇಶ ದೇಶ ಬಡದಾಡಾಕತ್ತಾವ. ಕೋಟಿ ವರ್ಷ ನೆಲದಾಗ ಬೆಂದದ್ದನ್ನ ನೀ ಒಂದು ಫೋನ್ ಮಾತಿನ್ಯಾಗ ಸುಡ್ತಿ!" ತರುಣ ಕೈಮುಗಿದು ಚಾವಿ ಕೇಳಿದ. ಬಿಸಿಲಲ್ಲಿ ನಿಂತು ಈ ಪುರಾಣವನ್ನು ನಾನು ನೂರನೆಯ ಸಲ ಕೇಳಿದೆ.

ನನ್ನ ಹೆಂಡತಿಯ ತಮ್ಮನ ಲಗ್ನ ಚೊಳಚಗುಡ್ಡದಲ್ಲಿ. ಮದುಮಗ ಹೂವಿನ ಕಾರಿನಲ್ಲಿ, ಎ.ಸಿ. ಹಚ್ಚಿಕೊಂಡು ಬಂದ. ಡ್ರೈವರ್ ಇಂಜಿನ್ ಚಾಲೂ ಬಿಟ್ಟು ನೀರು ಕುಡಿಯಲು ಇಳಿದದ್ದೇ ತಡ, ಚಾವಿ ಮಾಯ! ಮದುಮಗನ ಬಾಸಿಂಗದಡಿಯಿಂದ ಬೆವರು ಧಾರೆಯಾಗಿ ಇಳಿಯಿತು. ಬೀಗರೆಲ್ಲ ಚಾವಿ ಹುಡುಕುತ್ತ ಶಾಮಿಯಾನಾದ ಸಂದಿಗೊಂದಿ ತಡಕಿದರು. ಮಾಮಾ ಆಗ ಊಟದ ಪಂಕ್ತಿಯಲ್ಲಿ ಎರಡನೆಯ ಹೋಳಿಗೆ ಮುಗಿಸುತ್ತಿದ್ದ.

"ಚಾವಿ ನನ್ನ ಕಡೆ ಐತಿ. ಅಕ್ಕಿಕಾಳು ಬೀಳಾಕ ಇನ್ನೂ ಅರ್ಧಾ ತಾಸು ಐತೆಲ್ಲ, ಅವಸರ ಏನು?"

ನನ್ನ ಹೆಂಡತಿ ಹಲ್ಲು ಕಡಿದಳು. "ನಿಮ್ಮ ಮಾಮಾನ್ನ ಇನ್ನ ಯಾರ ಲಗ್ನಕ್ಕೂ ಕರಕೊಂಡು ಬರಬ್ಯಾಡ್ರಿ!" ನನಗೂ ಅವನ ಮೇಲೆ ಅಷ್ಟೇ ಸಿಟ್ಟಿತ್ತು.

ಆದರೆ ನಿಜವಾದ ಸಿಟ್ಟು ಬಂದದ್ದು ಈ ವರ್ಷ. ನಮ್ಮವ್ವ ತನ್ನ ತಮ್ಮನ, ಅಂದರೆ ಮಾಮಾನ ಮನೆಯಲ್ಲಿ ನಾಲ್ಕು ದಿನ ಇರುತ್ತೇನೆಂದು ಇಳಕಲ್ಲಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಉಸಿರಾಡಲು ತ್ರಾಸಾಗುತ್ತಿದೆ ಎಂದು ಫೋನ್ ಬಂತು. ಬಾಗಲಕೋಟೆಯಿಂದ ಕಾರು ಓಡಿಸಿಕೊಂಡು ಹೋದೆ. ಬ್ಯಾಟರಿ ಸತ್ತೇ ಹೋಗಿತ್ತು, ಮನೆಯಿಂದ ನೂಕಿಸಿಯೇ ಚಾಲೂ ಮಾಡಿದ್ದೆ. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ. ಅದಕ್ಕೇ ಇಂಜಿನ್ ಹಾಗೇ ಬಿಟ್ಟು ಒಳಗೆ ಓಡಿದೆ. ಅವ್ವನನ್ನು ತೆಕ್ಕೆಯಲ್ಲಿ ಹಿಡಿದು ತಂದು ಕೂಡಿಸಿದರೆ, ಕಾರು ಸುಮ್ಮನೆ ನಿಂತಿದೆ!

ಅವಳ ಚೀಲ ಇಡಲು ಮುಂದೆ ಬಂದಿದ್ದ ಮಾಮಾನ ಕೈ, ತನ್ನ ಚಾಳಿಯಂತೆ, ಚಾವಿ ಕಿತ್ತಿತ್ತು. ಅವ್ವ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ಚಾವಿ ಕಸಿದು ತಿರುವಿದೆ. ಟಿಕ್ ಟಿಕ್, ಅಷ್ಟೇ.

"ನಿನ್ನ ಹುಚ್ಚಿಗೆ ನಮ್ಮವ್ವ ಜೀವಾ ಬಿಡಬೇಕೇನು?" ಓಣಿಗೆಲ್ಲ ಕೇಳುವಂತೆ ಒದರಿದೆ. "ಸಾಲಿ ಬಿಟ್ಟು ತಿರಗಿದಾಂವ ನೀ, ನಿನಗೇನ್ ತಿಳೀತೈತಿ!"

ಮಾಮಾ ಧೋತರ ಮೇಲೆ ಕಟ್ಟಿ, ಕಾರಿಗೆ ಹೆಗಲು ಕೊಟ್ಟ. ತಿರುವಿನವರೆಗೆ ಒಬ್ಬನೇ ನೂಕಿದ. ಇಂಜಿನ್ ಹತ್ತಿತು. ನಾನು ನಿಲ್ಲಿಸಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವನು ರಸ್ತೆಯ ಮೇಲೇ ಕುಕ್ಕರಿಸಿ ಕೂತಿದ್ದ.

ಸಂಜೆಯ ಹೊತ್ತಿಗೆ ಬಾಗಲಕೋಟೆಯ ನಮ್ಮ ಡಾಕ್ಟರರ ದವಾಖಾನೆಯಲ್ಲಿ ಅವ್ವನ ಉಸಿರು ಹಳಿಗೆ ಬಂತು. ಗಂಜಿ ಮುಂದೆ ಹಿಡಿದೆ, ದೂಡಿದಳು. "ಅವ ಎಲ್ಲಿ?"

"ಬಸ್ಸಿಗೆ ಬಂದಾನ. ಹೊರಗ ಕುಂತಾನ. ಒಳಗ ಬರಬ್ಯಾಡ ಅಂದೀನಿ."

ಅವ್ವ ನನ್ನನ್ನೇ ದಿಟ್ಟಿಸಿದಳು. "ನಮ್ಮ ಹಳ್ಳ್ಯಾಗ ಕರೆಂಟ್ ಇದ್ದಿಲ್ಲೋ. ನಂದು ಮ್ಯಾಟ್ರಿಕ್ ಪರೀಕ್ಷಾ, ಅವಂದು ಏಳನೆತ್ತೆ, ಎರಡೂ ಒಂದ ವಾರ. ಮನ್ಯಾಗ ಚಿಮಣಿ ಎಣ್ಣಿ ಒಂದು ಹನಿ ಇಲ್ಲ. ಹುನಗುಂದಕ್ಕ ಎಣ್ಣಿ ಬಂದೈತಿ ಅಂತ ಸುದ್ದಿ ಬಂತು. ಪರೀಕ್ಷಾಕ್ಕ ಹೊಂಟಾಂವ ಪಾಟಿಚೀಲ ಇಟ್ಟು, ಡಬ್ಬಿ ಹಿಡಕೊಂಡು ಹೋಗಿ ಪಾಳ್ಯಾಗ ನಿಂತ. 'ಅಕ್ಕಾ, ನೀ ಓದು' ಅಂದ. ಸಂಜಿಗೆ ಎಣ್ಣಿ ತಂದ. ನಾ ಪಾಸಾಗಿ, ಮಕ್ಕಳಿಗೆ ಕಲಸೋ ಸಾಲಿ ಅಕ್ಕೋರಾದೆ. ಅವ ಮತ್ತ ಸಾಲಿಗೆ ಹೋಗಲಿಲ್ಲ." ಸ್ವಲ್ಪ ದಮ್ಮು ತೆಗೆದುಕೊಂಡಳು. "ಮೊದಲ ಅವನ್ನ ಕರಿ. ಆಮ್ಯಾಲ ಉಣ್ಣತೇನಿ."

ನನ್ನ ಓದು, ನೌಕರಿ, ಎಲ್ಲ ಅವ್ವನ ಪಗಾರದಿಂದ ಆದದ್ದು. ಯಾರಿಗೆ ಏನು ಅಂದುಬಿಟ್ಟೆ ನಾನು! ನಾಚಿಕೆಗೆ ಕಣ್ಣು ತುಂಬಿಬಂತು.

ಹೊರಗೆ ಬೆಂಚಿನ ಮೇಲೆ ಮಾಮಾ ಭುಜ ತಿಕ್ಕಿಕೊಳ್ಳುತ್ತ ಕೂತಿದ್ದ. ನನ್ನನ್ನು ನೋಡಿ ಹೆದರಿ ಎದ್ದು ನಿಂತ.

"ಅಕ್ಕ ಏನರೆ ಉಂಡ್ಲೇನೋ?" ಅಂದ.

"ಇಲ್ಲ ಮಾಮಾ. ನಿನ್ನ ದಾರಿ ಕಾಯಾಕತ್ತಾಳ."