ಜೊಂಡಿನ ಬಣ್ಣದ ದೋಣಿ

ತಪ್ಪೆಲ್ಲ ಬಣ್ಣದ್ದು.

ಬೋರ್ಡಣ್ಣ ಬದುಕಿಡೀ ಅಂಗಡಿಗಳ ಬೋರ್ಡು ಬರೆದವನು. ಬೇಕರಿಯವನಾಗಲಿ, ಹಲ್ಲಿನ ಡಾಕ್ಟರಾಗಲಿ, ಯಾರು ಬಂದರೂ ಹೇಳುತ್ತಿದ್ದದ್ದು ಒಂದೇ ಮಾತು: "ದೂರದಿಂದಲೇ ಕಣ್ಣಿಗೆ ಹೊಡೀಬೇಕು." ಹೀಗೆ ಊರಿನ ಕಣ್ಣಿಗೆ ಹೊಡೆದು ಹೊಡೆದು ಅವನ ಕೈ ಪಳಗಿತು, ತಲೆ ನರೆಯಿತು. ಅಷ್ಟರಲ್ಲಿ ಫ್ಲೆಕ್ಸ್ ಬಂತು. ಅಂಗಡಿಯವರು ಒಬ್ಬೊಬ್ಬರಾಗಿ ಹಳೆಯ ಮರದ ಬೋರ್ಡುಗಳನ್ನು ಕಿತ್ತು, ಗಂಡನ ಮನೆಯವರು ಸೊಸೆಯನ್ನು ತವರಿಗೆ ಬಿಟ್ಟುಹೋಗುವ ಹಾಗೆ, ಅವನ ಮನೆ ಮುಂದೆಯೇ ತಂದು ಇಳಿಸಿ ಹೋದರು.

ಆ ಹಲಗೆಗಳಿಂದಲೇ ಅವನು ತಾರಸಿಯ ಮೇಲೆ ದೋಣಿ ಕಟ್ಟಿದ. ಮೀನು ಹಿಡಿಯಲು, ಕಾಡುಬಾತು ಹೊಡೆಯಲು.

ದೋಣಿಯನ್ನು ಮೆಚ್ಚದೆ ಗತಿಯಿಲ್ಲ. ಉದ್ದ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು. ಅಗಲ, ಅವನು ಮಗ್ಗುಲು ಬದಲಿಸಲಾರದಷ್ಟು. ತಳ ಚಪ್ಪಟೆ, ಎರಡು ತುದಿಯೂ ಚೂಪು, ಅಂಚು ಗೇಣೆತ್ತರ ಮಾತ್ರ. ಪಕ್ಕದ ಹಲಗೆಗಳ ಮೇಲೆ ಕುದಿನೀರು ಹೊಯ್ದು, ಒದ್ದೆ ಗೋಣಿ ಸುತ್ತಿ, ಹಗ್ಗ ಬಿಗಿದು ಮೆಲ್ಲಗೆ ಬಗ್ಗಿಸಿದ್ದ, ಹಟಮಾರಿ ಮಗುವಿಗೆ ಅಂಗಿ ತೊಡಿಸಿದ ಹಾಗೆ. ಒಂದು ಹಲಗೆಯೂ ಸೀಳಲಿಲ್ಲ. ಸಂದುಗಳಿಗೆ ಹತ್ತಿಯ ಎಳೆ ತುರುಕಿ ಡಾಂಬರು ಎಳೆದ. ಒಳಗೆ ಕೂತರೆ ಕಾಲ ಬಳಿ ಹಳೆಯ ಅಕ್ಷರಗಳು ಇನ್ನೂ ಕಾಣುತ್ತಿದ್ದವು: "ನಮ್ಮಲ್ಲಿ ಬೇರೆ ಶಾಖೆಗಳಿಲ್ಲ."

ಕೊನೆಗೆ ಬಣ್ಣ. ಬೇಟೆಯ ದೋಣಿ ಹಕ್ಕಿಯ ಕಣ್ಣಿಗೆ ಬೀಳಬಾರದು. ಬೋರ್ಡಣ್ಣನ ಮನೆಯಲ್ಲಿ ಉಳಿದ ಡಬ್ಬಗಳಿಗೆ ಬರವಿರಲಿಲ್ಲ. ಮೆಡಿಕಲ್ ಶಾಪಿನ ಹಸಿರು, ಬೇಕರಿಯ ಹಳದಿ, ಶವಪೆಟ್ಟಿಗೆ ಮಾಡುವವನ ಕಪ್ಪು, ಎಲ್ಲ ಬೆರೆಸಿದ, ಒಣಗಿಸಿ ನೋಡಿದ, ಮತ್ತೆ ಬೆರೆಸಿದ. ಕಡೆಗೊಂದು ದಿನ ಬಣ್ಣ ಬಳಿದ ತುಂಡು ಹಲಗೆಯೊಂದನ್ನು ಕೆರೆಯ ಜೊಂಡಿನಲ್ಲಿ ಇಟ್ಟ. ಕಪ್ಪೆಯೊಂದು ಬಂದು, ಹುಲ್ಲೆಂದೇ ತಿಳಿದು, ಅದರ ಮೇಲೆ ಕೂತು ವಟಗುಟ್ಟಿತು. ಬೋರ್ಡಣ್ಣನ ಕಣ್ಣು ಒದ್ದೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಯಾರ ಕಣ್ಣಿಗೂ ಹೊಡೆಯದ ಬಣ್ಣ ಮಾಡಿದ್ದ.

ಹೆಂಡತಿ ಮಾತ್ರ ಗಡುವು ಕೊಟ್ಟಿದ್ದಳು. "ನೋಡ್ರೀ, ಭಾನುವಾರ ಸಂಜೆಯೊಳಗೆ ಆ ದೋಣೀಲಿ ಮೀನೋ ಬಾತೋ ಏನಾದ್ರೂ ಮನೆಗೆ ಬಂದ್ರೆ ನಾನು ತುಟಿ ಪಿಟಕ್ ಅನ್ನಲ್ಲ. ಬರಲಿಲ್ಲ ಅಂದ್ರೆ ಸೋಮವಾರದಿಂದ ನನ್ನ ತಮ್ಮನ ಆಫೀಸು."

ತಮ್ಮ ಎಂದರೆ ಡ್ರೈವಿಂಗ್ ಸ್ಕೂಲು ನಡೆಸುವ ಭಾವಮೈದ. ಊರಲ್ಲಿ ಯಾರು ಏನು ಮಾಡುತ್ತಿದ್ದರೂ ಪಕ್ಕದ ಸೀಟಿನಿಂದ ಬ್ರೇಕ್ ಒತ್ತುವುದು ಅವನ ಹುಟ್ಟುಗುಣ. ಅವನ ತಗಡಿನ ಕೋಣೆಯಲ್ಲಿ, ಅವನ ಕಣ್ಣೆದುರೇ, ಫೋನು ಎತ್ತಿಕೊಂಡು ಕೂರುವುದಕ್ಕಿಂತ ಕೆರೆಗೆ ಹಾರುವುದು ವಾಸಿ ಎಂದು ಬೋರ್ಡಣ್ಣ ಎಣಿಸಿದ್ದ. ಆದರೆ ಬಂದೂಕು ಇದ್ದದ್ದು ಭಾವಮೈದನ ಬಳಿಯೇ. ಹಾಗಾಗಿ ಅವನನ್ನೂ ಕರೆಯಲೇಬೇಕಾಯಿತು.

ಶನಿವಾರ ಸಂಜೆ ದೋಣಿಯನ್ನು ಕೈಗಾಡಿಯಲ್ಲಿ ಕೆರೆಗೆ ಒಯ್ದರು. ಹಿಂದಿನ ದಿನವೇ ಜೊಂಡಿನಲ್ಲಿ ಬಿಟ್ಟರೆ ಹಕ್ಕಿಗಳಿಗೆ ರೂಢಿಯಾಗುತ್ತದೆ ಎಂದು ಹದ್ದಜ್ಜ ಹೇಳಿದ್ದ. ಹದ್ದಜ್ಜ ಎಂದರೆ ಆ ಸೀಮೆಯಲ್ಲೇ ಹೆಸರಾದ ಮುದಿ ಬೇಟೆಗಾರ. ಅವನ ಕಣ್ಣು ತಪ್ಪಿಸಿ ಇರುವೆಯೂ ಸಂಸಾರ ಮಾಡಲಾರದು ಎಂಬ ಮಾತಿತ್ತು. ಕೈಗಾಡಿ ತಳ್ಳಲು ಬಂದಿದ್ದ ಪಕ್ಕದ ಕಿರಾಣಿ ಅಂಗಡಿಯವನು ದೋಣಿ ನೀರಿಗಿಳಿದದ್ದೇ ತಲೆ ಅಲ್ಲಾಡಿಸಿದ.

"ಹಗುರ ಆಯ್ತು ಬೋರ್ಡಣ್ಣ. ಬಂದೂಕು ಹಾರಿಸಿದ ಏಟಿಗೆ ಮಗುಚಿಕೊಳ್ಳತ್ತೆ. ತಳಕ್ಕೆ ತೂಕ ಬೇಕು."

ಎಲೆಕ್ಟ್ರಾನಿಕ್ ತಕ್ಕಡಿ ಬಂದಂದಿನಿಂದ ಅವನ ಕಬ್ಬಿಣದ ತೂಕದ ಬಟ್ಟುಗಳು ಮೂಲೆ ಸೇರಿದ್ದವು. ಓಡಿಹೋಗಿ ಅಷ್ಟನ್ನೂ ಹೊತ್ತು ತಂದು ದೋಣಿಯ ತಳದಲ್ಲಿ ಸಾಲಾಗಿ ಜೋಡಿಸಿದ. ದೋಣಿ ಇನ್ನಷ್ಟು ಇಳಿದು, ಜೊಂಡಿನ ಮಧ್ಯೆ ಕರಗಿಹೋಯಿತು. ಬೋರ್ಡಣ್ಣ ಹಿಂದೆ ಸರಿದು ನೋಡಿದ. ಕಾಣಲಿಲ್ಲ. ಕಣ್ಣುಜ್ಜಿ ನೋಡಿದ. ಕಾಣಲಿಲ್ಲ. ಪರಮಾನಂದವಾಗಿ ಮನೆಗೆ ಬಂದು ಮಲಗಿದ.

ಭಾನುವಾರ ಬೆಳಗಾಗುವಾಗ ಗಾಳ, ಹುಟ್ಟು ಹಿಡಿದು ಬೋರ್ಡಣ್ಣ ಮುಂದೆ, ಬಂದೂಕು ಹೊತ್ತ ಭಾವಮೈದ ಹಿಂದೆ, ಕೆರೆಯ ದಂಡೆಗೆ ಬಂದರು.

"ಎಲ್ಲಿ ಭಾವ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ ಕಣೋ."

ಇಲ್ಲಿ ಜೊಂಡಿತ್ತು. ಅಲ್ಲಿಯೂ ಜೊಂಡಿತ್ತು. ಕಣ್ಣು ಹಾಯುವವರೆಗೂ ಜೊಂಡೇ ಇತ್ತು.

"ಗುರುತಿಗೆ ಏನಿಟ್ಟಿದ್ರಿ?"

"ಗೂಟ ಹೊಡೆದು ಹಗ್ಗದಲ್ಲಿ ಕಟ್ಟಿದ್ದೆ."

"ಮತ್ತೆ ಹಗ್ಗ ಕಾಣಬೇಕಲ್ಲ?"

"ಹಗ್ಗಕ್ಕೂ ಅದೇ ಬಣ್ಣ ಬಳಿದಿದ್ದೆ."

"ಗೂಟಕ್ಕೆ?"

ಬೋರ್ಡಣ್ಣ ಗಾಳದ ದಾರದ ಗಂಟು ಬಿಡಿಸತೊಡಗಿದ.

"ಸದ್ಯ! ನಿಮ್ಮನ್ನ ನೀವು ಬಳ್ಕೊಂಡಿಲ್ವಲ್ಲ. ಅಕ್ಕ ಎಲ್ಲಿ ಹುಡುಕಬೇಕಿತ್ತೋ!"

ಬೋರ್ಡಣ್ಣ ಚಡ್ಡಿ ಬಿಗಿದು ನೀರಿಗಿಳಿದ. ನೀರು ಸೊಂಟದವರೆಗೆ, ಕೆಸರು ಮೊಣಕಾಲವರೆಗೆ. ದಂಡೆಯ ಮೇಲಿನಿಂದ ಭಾವಮೈದನ ಪಾಠ ಶುರುವಾಯಿತು. "ಎಡಕ್ಕೆ, ಎಡಕ್ಕೆ! ಭಾವ, ತಿರುಗೋ ಮುಂಚೆ ಹಿಂದೆ ನೋಡಬೇಕು! ಅಯ್ಯೋ, ನಿಧಾನ, ನಿಧಾನ!"

ಬಿಸಿಲೇರುವ ಹೊತ್ತಿಗೆ ಬೀದಿಗೆ ಬೀದಿಯೇ ಬಂದು ದಂಡೆಯಲ್ಲಿ ಕೂತಿತ್ತು. ಚಹಾದ ಫ್ಲಾಸ್ಕ್ ಹಿಡಿದು ಹೆಂಡತಿಯೂ ಬಂದಳು.

"ಮುಳುಗಿದೆ ಅಕ್ಕ," ಎಂದು ಭಾವಮೈದ ತೀರ್ಪು ಕೊಟ್ಟ. "ದೋಣಿ ನೀರ ಮೇಲೆ ಕಾಣಲಿಲ್ಲ ಅಂದ್ರೆ ನೀರ ಕೆಳಗಿದೆ ಅಂತ. ಇದಕ್ಕೇನು ಲೈಸೆನ್ಸ್ ಬೇಕಾ?"

"ಮುಳುಗಿಲ್ಲ!" ಎಂದು ಜೊಂಡಿನೊಳಗಿಂದ ಬೋರ್ಡಣ್ಣ ಕೂಗಿದ. "ಕಾಣ್ತಿಲ್ಲ ಅಷ್ಟೇ! ಕಾಣಬಾರದು ಅಂತಾನೇ ಮಾಡಿದ್ದು!"

"ಹೌದ್ಹೌದು. ನನ್ನ ಹತ್ರ ಕಾಣದ ಬಂಗಲೆನೂ ಒಂದಿದೆ."

ಜನ ಹೊಟ್ಟೆ ಹಿಡಿದು ನಕ್ಕರು. ಬೋರ್ಡಣ್ಣನ ಕಿವಿ ಕೆಂಪಾಯಿತು. ಕೈ ಬಿಟ್ಟುಹೋದ ವ್ಯಾಪಾರಕ್ಕೆ ಅವನು ಇಷ್ಟು ನೊಂದಿರಲಿಲ್ಲ. ದೋಣಿ ಸಿಕ್ಕಿದರೆ ಬಣ್ಣ ಸೋತಂತೆ, ಸಿಗದಿದ್ದರೆ ಬಡಗಿ ಕೆಲಸ ಸೋತಂತೆ. ಆದರೂ ಹುಡುಕಿದ. ತಗಡಿನ ಕೋಣೆಯ ಫೋನು ಅವನ ಕಿವಿಯೊಳಗೆ ಆಗಲೇ ಬಡಿದುಕೊಳ್ಳುತ್ತಿತ್ತು.

ಕಿರಾಣಿ ಅಂಗಡಿಯವನು ಪಾಪಪ್ರಜ್ಞೆಯಿಂದಲೋ ಏನೋ ತಾನೂ ನೀರಿಗಿಳಿದಿದ್ದ. ಸ್ವಲ್ಪ ಹೊತ್ತಿನಲ್ಲೇ ಜೊಂಡಿನ ಆಚೆಯಿಂದ ಅವನ ಕೂಗು ಕೇಳಿತು. "ಸಿಕ್ತು! ಸಿಕ್ತು! ನುಣ್ಣಗಿದೆ, ಕಪ್ಪಗಿದೆ, ಡಾಂಬರು ಹಾಕಿದ ತಳಾನೇ!" ಹಾಗೆಂದು ಅದರ ಮೇಲೆ ಹತ್ತಿ ಕೂತೂಬಿಟ್ಟ. ಆ ತಳ ಒಮ್ಮೆ ಬುಸ್ಸೆಂದು ಉಸಿರುಬಿಟ್ಟಿತು. ಮರುಕ್ಷಣ ನಾಲ್ಕು ಕಾಲಿನ ಮೇಲೆ ಎದ್ದು ನಿಂತಿತು. ಕೆಸರಿನಲ್ಲಿ ನಿದ್ದೆ ಮಾಡುತ್ತಿದ್ದ ಎಮ್ಮೆ ಕಿರಾಣಿ ಅಂಗಡಿಯವನನ್ನು ಹೊತ್ತು, ಮದುವಣಿಗನನ್ನು ಕರೆತಂದ ಹಾಗೆ ದಂಡೆಗೆ ತಂದು, ಬೀದಿಯವರೆಲ್ಲರ ಮುಂದೆ ಕೆಡವಿ ಹೊರಟುಹೋಯಿತು. ಆ ಗದ್ದಲಕ್ಕೆ ಕೆರೆಯ ಬಾತುಗಳೆಲ್ಲ ಒಟ್ಟಿಗೆ ಹಾರಿದವು. ಭಾವಮೈದ ಗಡಿಬಿಡಿಯಲ್ಲಿ ಬಂದೂಕು ಎತ್ತಿ ಗುಂಡು ಹಾರಿಸಿದ. ಗುಂಡು ಸರಿಯಾಗಿ ಆಕಾಶಕ್ಕೆ ತಗುಲಿತು.

ಮೀನು ಗಾಬರಿಯಾಗಿತ್ತು, ಬಾತು ದೇಶಾಂತರ ಹೋಗಿತ್ತು, ಬಿಸಿಲು ಇಳಿಯುತ್ತಿತ್ತು. ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಮೆಲ್ಲಗೆ, "ಮೇಲೆ ಬನ್ನಿ, ಸಾಕು," ಎಂದಳು. ಅದರಲ್ಲಿ ಕೋಪವಿರಲಿಲ್ಲ. ಅದಕ್ಕೇ ಬೋರ್ಡಣ್ಣನಿಗೆ ಹೆಚ್ಚು ಭಯವಾಯಿತು.

ಆಗ ಬಂದ ಹದ್ದಜ್ಜ.

ಕೋಲೂರಿಕೊಂಡು ಬಂದವನು ಯಾರ ಮಾತನ್ನೂ ಕೇಳಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ದಂಡೆಯುದ್ದಕ್ಕೂ ನಡೆದ. ನಿಂತ. ಕುಕ್ಕರುಗಾಲಲ್ಲಿ ಕೂತು ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಕೊನೆಗೆ ಅವನು ತಲೆಯ ಮೇಲಿನ ಟೋಪಿ ತೆಗೆದ.

"ನನಗೇ ಕಾಣ್ತಿಲ್ಲ."

"ಮುಳುಗಿದೆ ಅಜ್ಜ," ಎಂದ ಭಾವಮೈದ.

"ದೋಣಿ ಏತರದ್ದೋ?"

"ಮರದ್ದು."

"ಮರ ಎಲ್ಲಾದ್ರೂ ಮುಳುಗತ್ತೇನೋ ಪೆದ್ದೇ? ನಿನ್ನ ಕಾರು ತಂದು ಕೆರೆಗೆ ಬಿಡು, ಮುಳುಗತ್ತೆ. ಮರ ತೇಲತ್ತೆ. ಅದು ಇಲ್ಲೇ ತೇಲ್ತಾ ಇದೆ, ನಮ್ಮನ್ನೆಲ್ಲ ನೋಡ್ತಾ ಇದೆ. ನಮಗೆ ಕಾಣ್ತಿಲ್ಲ. ಈ ಕಣ್ಣಿಗೇ ಕಾಣದ್ದು ಬಾತಿನ ಕಣ್ಣಿಗೆ ಕಾಣತ್ತಾ? ಇದಪ್ಪಾ ಬೇಟೆ ದೋಣಿ ಅಂದ್ರೆ!"

ಕಿರಾಣಿ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ತನ್ನ ಬಟ್ಟುಗಳ ನೆನಪಾಗಿ, ಬಾಯಿ ಮುಚ್ಚಿ, ಮೇಲೆ ಹಾರುತ್ತಿದ್ದ ಕೊಕ್ಕರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಗಾಳಿ ತಿರುಗಿತು. ಅಷ್ಟು ಹೊತ್ತು ನಗುತ್ತಿದ್ದವರು ಈಗ ಕಾಣದ ದೋಣಿಯತ್ತ ಬೊಟ್ಟು ಮಾಡಿ ಹೊಗಳತೊಡಗಿದರು. "ಆ ಬಾಗು ನೋಡಿದ್ದೆ ನಾನು, ತಾರಸಿ ಮೇಲೆ. ಏನು ಕೈಚಳಕ!" "ನನಗೂ ಒಂದು ಮಾಡ್ಕೊಡು ಮಾರಾಯ, ಇಂಥದ್ದೇ, ಹೀಗೇ ಕಾಣಬಾರದು." ಭಾವಮೈದನಂತೂ ಹೊಸದಾಗಿ ಬಂದವರಿಗೆಲ್ಲ "ನಮ್ಮ ಭಾವ! ನಮ್ಮ ಸ್ವಂತ ಭಾವ!" ಎಂದು ಪರಿಚಯ ಮಾಡಿಸುತ್ತಿದ್ದ. ಹೆಂಡತಿ ಮದುವೆಯಾದ ಹೊಸತರಲ್ಲಿ ನೋಡಿದ್ದ ಹಾಗೆ ಗಂಡನನ್ನು ನೋಡಿದಳು. ಸೊಂಟದವರೆಗೆ ನೀರಿನಲ್ಲಿ ನಿಂತ ಬೋರ್ಡಣ್ಣನಿಗೆ ತಾನೇ ತೇಲುತ್ತಿದ್ದೇನೆ ಅನ್ನಿಸಿತು. ಇಷ್ಟು ದಿನಕ್ಕೆ ಹೊಗಳಿಕೆ ಕೇಳಿದವನಿಗೆ ಕಬ್ಬಿಣದ ನೆನಪು ಎಲ್ಲಿಂದ ಬರಬೇಕು?

ದಂಡೆಯತ್ತ ಒಂದು ಹೆಜ್ಜೆ ಇಟ್ಟ. ಕಾಲು ಗಟ್ಟಿಯಾದ ಯಾವುದಕ್ಕೋ ತಾಗಿತು.

ಬೋರ್ಡಣ್ಣ ಇನ್ನೊಂದು ಕಾಲನ್ನೂ ಮೆಲ್ಲಗೆ ಅದರೊಳಗೆ ಇಟ್ಟ. ಹೆಬ್ಬೆರಳಿಗೆ ತಣ್ಣನೆಯ ಕಬ್ಬಿಣದ ಬಟ್ಟು ಸಿಕ್ಕಿತು. ಅಂಗಾಲಿನಿಂದ ಸವರಿದ: ಅವನೇ ಬಗ್ಗಿಸಿದ ಬಾಗು, ಅವನೇ ಕೀಸಿದ ಅಂಚು. ಮೂರು ತಿಂಗಳು ತಾರಸಿಯ ಬಿಸಿಲಲ್ಲಿ ಒಣಗಿ ಕುಗ್ಗಿದ ಹಲಗೆಗಳ ಸಂದಿನಿಂದ ರಾತ್ರಿಯಿಡೀ ನೀರು ನುಗ್ಗಿ, ಬಟ್ಟುಗಳ ಭಾರಕ್ಕೆ ದೋಣಿ ತಳ ಸೇರಿತ್ತು. ಈಗ ಸಂದುಗಳ ಮೇಲೆ ಕಾಲ್ಬೆರಳಾಡಿಸಿದರೆ ಉಗುರೂ ಇಳಿಯುತ್ತಿರಲಿಲ್ಲ. ಮರ ಹೊಟ್ಟೆ ತುಂಬ ಕುಡಿದು ಉಬ್ಬಿ, ಮುನಿದ ಹೆಂಗಸಿನ ತುಟಿಯಂತೆ ಬಿಗಿದುಕೊಂಡಿತ್ತು. ಬಟ್ಟು ತೆಗೆದು, ನೀರು ಚೆಲ್ಲಿದರೆ ಸಾಕು. ಇನ್ನು ಇದಕ್ಕೆ ಹನಿ ನೀರೂ ನುಗ್ಗದು. ಅವನು ಕಟ್ಟಿದ ದೋಣಿ ಆ ಒಂದು ದಿನದಲ್ಲಿ, ನೀರಿನಡಿಯಲ್ಲಿ, ನಿಜವಾದ ದೋಣಿಯಾಗಿತ್ತು.

"ಅದೇನು ಭಾವ, ಇದ್ದಕ್ಕಿದ್ದ ಹಾಗೆ ಎತ್ತರ ಆಗ್ಬಿಟ್ರಿ?"

"ದಿಬ್ಬ ಇದೆ ಇಲ್ಲಿ."

"ಕಾಲಿಗೆ ಏನಾದ್ರೂ ಸಿಕ್ತಾ?"

ಬೀದಿಯೆಲ್ಲ ಅವನತ್ತ ನೋಡಿತು. ಹೆಂಡತಿಯೂ ನೋಡಿದಳು, ಆ ಹಳೆಯ ಕಣ್ಣಿನಿಂದ. ಸಿಕ್ಕಿತು ಎಂದರೆ ಮುಳುಗಿದ ದೋಣಿಯ ಯಜಮಾನ. ಕತ್ತಲಾಗಲಿ, ಒಬ್ಬನೇ ಬಂದು ಎತ್ತಿಕೊಂಡರಾಯಿತು ಎಂದು ಲೆಕ್ಕ ಹಾಕಿದ.

"ಏನೂ ಇಲ್ಲ," ಎಂದ.

"ನನ್ನ ಕಣ್ಣಿಗೇ ಕಾಣದ್ದು ಕಾಲಿಗೆ ಸಿಗತ್ತಾ!" ಎಂದು ಹದ್ದಜ್ಜ ಕೋಲು ಕುಟ್ಟಿದ. ಜನ ಚಪ್ಪಾಳೆ ತಟ್ಟಿದರು. "ಮೇಲೆ ಬಾ ಮಗಾ. ಇನ್ನು ಯಾರೂ ನೀರಿಗೆ ಇಳೀಬೇಡಿ. ತಡಕಾಡಿ ಹುಡುಕೋದು ಕುರುಡರ ಕೆಲಸ. ನಾನು ಕಣ್ಣಲ್ಲೇ ಹಿಡೀತೀನಿ. ಒಂದು ಕುರ್ಚಿ ತಂದುಕೊಡಿ. ಅದು ಕಾಣೋವರೆಗೂ ನಾನು ಈ ಜಾಗ ಬಿಟ್ಟು ಏಳಲ್ಲ."

"ರಾತ್ರಿ... ರಾತ್ರಿ ಮನೆಗೆ ಹೋಗಲ್ವಾ ಅಜ್ಜ?" ಬೋರ್ಡಣ್ಣನ ದನಿ ಸಣ್ಣಗಾಗಿತ್ತು.

"ಬೆಳದಿಂಗಳಲ್ಲಿ ನನಗೆ ಇನ್ನೂ ಚೆನ್ನಾಗಿ ಕಾಣತ್ತೆ."

ಭಾವಮೈದ ಕುರ್ಚಿ ತರಿಸಿದ, ಕಂಬಳಿ ತರಿಸಿದ, ತಲೆಯ ಮೇಲೆ ತಾಡಪಾಲು ಕಟ್ಟಿಸಿದ. ಹದ್ದಜ್ಜ ಕುರ್ಚಿಯಲ್ಲಿ ಕೂತು ಕೋಲಿನ ಮೇಲೆ ಗಲ್ಲ ಊರಿ, ನೀರಿನತ್ತ ರೆಪ್ಪೆ ಬಡಿಯದೆ ನೋಡತೊಡಗಿದ.

"ಹಾಗಾದ್ರೆ ಅಲ್ಲಿವರೆಗೆ ಇವರು?" ಎಂದು ಹೆಂಡತಿ ತಮ್ಮನನ್ನು ಕೇಳಿದಳು.

"ನಮ್ಮ ಆಫೀಸಿದೆಯಲ್ಲ ಅಕ್ಕ. ಇಂಥ ಕಲಾವಿದರು ಬಂದ್ರೆ ನನಗೇ ಗೌರವ. ನಾಳೆ ಬೆಳಿಗ್ಗೆಯಿಂದ ಬರಲಿ. ದೋಣಿ ಸಿಕ್ಕಿದ ಗಳಿಗೇಲೇ ಬಿಟ್ಟುಬಿಡಲಿ, ನಾನು ತಡೆಯಲ್ಲ."

ಕೆಸರು ಮೆತ್ತಿದ ಬೋರ್ಡಣ್ಣ ಕುರ್ಚಿಯ ಬಳಿ ಬಗ್ಗಿದ. "ಅಜ್ಜ, ನಿಮ್ಮ ಅಂದಾಜಿನಲ್ಲಿ... ಯಾವಾಗ ಸಿಗಬಹುದು?"

ಹದ್ದಜ್ಜ ನೀರಿನಿಂದ ಕಣ್ಣು ಕೀಳದೆಯೇ ಅವನ ಬೆನ್ನನ್ನು ಪ್ರೀತಿಯಿಂದ ತಟ್ಟಿದ.

"ಹೆದರಬೇಡ ಮಗಾ. ಅಷ್ಟು ಚೆನ್ನಾಗಿ ಮಾಡಿದ್ದೀಯ. ಈ ಜನ್ಮದಲ್ಲಿ ಸಿಗಲ್ಲ."