ನಿಶಿಗಾಕಿ ಮೇಷ್ಟ್ರ ಎಡಮೂಲೆ

ಕಾರಿನಂಗಡಿಯವನು ಕೊನೆಗೆ ಕೇಳಿದ್ದು ಒಂದೇ ಮಾತು, ಮುಂದಿನ ಎಡಮೂಲೆಗೆ ಒಂದು ಕಡ್ಡಿ ಹಾಕಿಸಿಬಿಡಲೇ ಎಂದು. ಬಾನೆಟ್ಟಿನ ಆ ಮೂಲೆ ಎಲ್ಲಿಗೆ ಮುಗಿಯುತ್ತದೆಂದು ಬಲಗಡೆ ಕೂತು ಓಡಿಸುವವರಿಗೆ ತಿಳಿಯಲೆಂದು ನಿಲ್ಲಿಸುವ, ತುದಿಯಲ್ಲಿ ಪುಟ್ಟ ದೀಪವಿರುವ ಕಡ್ಡಿ ಅದು. ನಿಶಿಗಾಕಿ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಶಿಯೊಹಾಮದ ಡ್ರೈವಿಂಗ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಈ ವಸಂತದಲ್ಲಷ್ಟೇ ನಿವೃತ್ತರಾದವರು ಅವರು. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು. ಅವರ ಕಾರಿಗೆ ಕಡ್ಡಿ ಹಾಕುವುದೆಂದರೆ ಈಜು ಕಲಿಸುವವನ ಸೊಂಟಕ್ಕೆ ಸೋರೆಬುರುಡೆ ಕಟ್ಟಿದ ಹಾಗೆ. ಬೇಡವೆಂದು ಖಡಾಖಂಡಿತವಾಗಿ ಹೇಳಿ, ಕಡ್ಡಿಯಿಲ್ಲದ ಕಾರನ್ನೇ ಮನೆಗೆ ತಂದರು.

ಮೂರು ಮೊಮ್ಮಕ್ಕಳು ಒಟ್ಟಿಗೆ ಕೂರಲೆಂದು ಕೊಂಡ ಕಾರು ಅದು. ಹಳೆಯ ಪುಟಾಣಿ ಕಾರಿನ ಪಕ್ಕ ನಿಲ್ಲಿಸಿದರೆ ಕೋಳಿಮರಿಯ ಪಕ್ಕ ಎಮ್ಮೆ ನಿಂತಂತೆ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಎಂಟಕ್ಕೇ ಮೇಷ್ಟ್ರು ಅದನ್ನು ಹೊರತೆಗೆದರು. ಹೆಂಡತಿ ಫುಮಿಯೆಗೆ ಪೆಟ್ರೋಲ್ ಹಾಕಿಸಲು ಹೋಗುತ್ತೇನೆಂದರು. ನಿಜಕ್ಕೂ ಹೊರಟಿದ್ದು ಶಾಲೆಯ ಹಳೆಯ ಸಹೋದ್ಯೋಗಿಗಳಿಗೆ ಕಾರು ತೋರಿಸಲು.

ಅವರ ಓಣಿ ಗುಡ್ಡದಿಂದ ಬಂದರಿನ ಕಡೆಗೆ ಇಳಿಯುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ಮಧ್ಯೆ ಒಂದು ತಿರುವು, ತಿರುವಿನಲ್ಲಿ ಕೆಂಪು ಎದೆವಸ್ತ್ರ ತೊಟ್ಟು ದಾರಿಹೋಕರನ್ನು ಕಾಯುವ ಮೊಣಕಾಲೆತ್ತರದ ಕಲ್ಲಿನ ಜಿಜೊ ದೇವರು. ಮೇಷ್ಟ್ರು ಅಲ್ಲಿಗೆ ಬರುವುದಕ್ಕೂ ಎದುರಿನಿಂದ ತೋಫು ಮಾರುವ ಇಸೊಬೆಯ ಪುಟ್ಟ ಟ್ರಕ್ಕು ಬರುವುದಕ್ಕೂ ಸರಿಹೋಯಿತು. ಆಕೆಯೇ ಕೇರಿಯ ಸಂಘದ ಅಧ್ಯಕ್ಷೆ. ಹಿಂದೊಮ್ಮೆ ಇಕ್ಕಟ್ಟು ದಾರಿಯ ಪರೀಕ್ಷೆಯಲ್ಲಿ ಮೇಷ್ಟ್ರು ಆಕೆಯನ್ನು ಮೂರು ಸಲ ಫೇಲು ಮಾಡಿದ್ದರು.

ಇಸೊಬೆ ಟ್ರಕ್ಕಿನಿಂದ ತಲೆ ಹೊರಹಾಕಿ ಕೇಳಿದಳು. "ಇಳಿದು ಬಂದು ಎಡಗಡೆ ನೋಡ್ಲಾ ಮೇಷ್ಟ್ರೇ? ಅಷ್ಟು ದೊಡ್ಡ ಮೂತಿ, ನಿಮಗೆ ಕಾಣುತ್ತೋ ಇಲ್ವೋ."

"ನನಗೆ ನೀನು ದಾರಿ ತೋರಿಸೋ ಕಾಲ ಬಂತಾ? ಸುಮ್ನೆ ನಿನ್ನ ಗಾಡಿ ದಾಟಿಸ್ಕೊಂಡು ಹೋಗು," ಎಂದರು ಮೇಷ್ಟ್ರು.

ಹಾಗೆಂದವರು ಎಡಕ್ಕೆ ಒತ್ತಿದರು. ಇನ್ನೊಂದು ಗೇಣು ಒತ್ತಿದರು. ಹಳೆಯ ಕಾರಿನಲ್ಲಾಗಿದ್ದರೆ ಲೆಕ್ಕ ಸರಿಯಿರುತ್ತಿತ್ತು. ಇದರಲ್ಲಿ ಬಾನೆಟ್ಟು ಮುಗಿದ ಮೇಲೆ ನೆಲ ಕಾಣಿಸುವುದೇ ಎರಡಾಳು ದೂರದಲ್ಲಿ. ಇಸೊಬೆಯ ಟ್ರಕ್ಕು ಕನ್ನಡಿಗೆ ಕನ್ನಡಿ ಸವರಿಕೊಂಡು ದಾಟಿಹೋದ ಕ್ಷಣಕ್ಕೇ ಮುಂದೆಲ್ಲೋ ಕೆಳಗೆ ಕಟಕ್ಕೆಂದಿತು.

ಮೇಷ್ಟ್ರು ಕತ್ತು ಚಾಚಿ ಎಡಕಿಟಕಿಯಲ್ಲಿ ಇಣುಕಿದರು. ಕೆಂಪು ಎದೆವಸ್ತ್ರ ಇತ್ತು, ಭುಜ ಇತ್ತು. ಜಿಜೊ ದೇವರಿಗೆ ತಲೆ ಮಾತ್ರ ಇರಲಿಲ್ಲ.

ಆ ಹೊತ್ತಿನಲ್ಲಿ ಕೆಳಗಿಳಿದು ನೋಡಬೇಕಾಗಿತ್ತು. ಮೂವತ್ತೊಂದು ವರ್ಷ ಎಲ್ಲರಿಗೂ ಹೇಳಿಕೊಟ್ಟದ್ದು ಅದನ್ನೇ. ಆದರೆ ಅವರ ಕೈ ತಾನಾಗಿಯೇ ರಿವರ್ಸ್ ಗೇರಿಗೆ ಹೋಯಿತು. ಕದ್ದ ಬೆಕ್ಕಿನಂತೆ ಹಿಂದೆ ಹಿಂದೆ ಸರಿದು, ಕಾರನ್ನು ಮನೆಯ ಶೆಡ್ಡಿಗೆ ತುರುಕಿ ಬಾಗಿಲೆಳೆದರು.

ಫುಮಿಯೆ ಗಂಡನ ಮುಖ ನೋಡಿಯೇ ಎಲ್ಲ ಬಾಯಿಬಿಡಿಸಿದಳು. ದೇವರ ತಲೆ ತೆಗೆದು ಓಡಿಬಂದಿದ್ದೀರಾ ಎಂದು ಒಂದು ಸಲ ಕೇಳಿದಳು, ಮತ್ತೆ ಕೇಳಲಿಲ್ಲ. ಕಪಾಟಿನಿಂದ ಹೂರಣದ ಸಿಹಿಯ ಡಬ್ಬಿ ತೆಗೆದು, ನೇರಳೆ ಬಟ್ಟೆಯಲ್ಲಿ ಕಟ್ಟಿ, ಇಸೊಬೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬನ್ನಿ ಎಂದು ಕೈಗಿಟ್ಟಳು.

ಅವರು ಗಂಟು ಹಿಡಿದು ನಡೆದು ತಿರುವಿಗೆ ಬಂದರೆ ಅಲ್ಲಾಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ಆದರೆ ಜಿಜೊ ದೇವರ ಕಡೆ ಯಾರ ಕಣ್ಣೂ ಇರಲಿಲ್ಲ. ಎಲ್ಲರೂ ಸುತ್ತುವರಿದಿದ್ದದ್ದು ದೇವರ ಪಕ್ಕದ ಮನೆಯ ಒಕಿಮುರ ಅಜ್ಜನನ್ನು. ಅಜ್ಜ ತನ್ನ ಬಾಗಿಲ ಮುಂದೆ ಓಣಿಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಡೆದ ಕುಂಡದ ಚೂರುಗಳನ್ನೂ ಮುರಿದ ಸೇವಂತಿಗೆ ಗಿಡವನ್ನೂ ಮಡಿಲಿಗೆ ತುಂಬಿಕೊಳ್ಳುತ್ತಿದ್ದ. ನಾಳೆ ಊರಿನ ಸೇವಂತಿಗೆ ಪ್ರದರ್ಶನ. ಒಂದು ವರ್ಷ ಸಾಕಿದ ಗಿಡ, ಒಂದೇ ಬುಡದಲ್ಲಿ ಇನ್ನೂರು ಹಳದಿ ಹೂವು. ಬೆಳಗಿನ ಬಿಸಿಲಿಗೆಂದು ಒಂದು ಗಳಿಗೆ ಅಲ್ಲಿಟ್ಟು ಒಳಗೆ ಚಹಾ ಕುಡಿಯುತ್ತಿದ್ದಾಗ ಯಾವುದೋ ಬಂದು ತುಳಿದುಹಾಕಿತ್ತು. ಕಾಡುಹಂದಿಯೇ ಎಂದು ಇಸೊಬೆ ತೀರ್ಮಾನಿಸಿಯಾಗಿತ್ತು. ಹೋದ ವಾರ ಗುಡ್ಡದಿಂದ ಇಳಿದು ಆಕೆಯ ಮೂಲಂಗಿಯನ್ನೆಲ್ಲ ಬಗೆದದ್ದೂ ಅದೇ.

ಆಕೆ ಮೇಷ್ಟ್ರ ಕೈಯಲ್ಲಿದ್ದ ಗಂಟನ್ನು ಕಂಡಳು. "ನೋಡ್ರೋ, ಸುದ್ದಿ ತಿಳಿದ ತಕ್ಷಣ ಅಜ್ಜನಿಗೆ ಸಮಾಧಾನ ಹೇಳೋಕೆ ಸಿಹಿ ಕಟ್ಟಿಸ್ಕೊಂಡು ಬಂದಿದಾರೆ. ಮನುಷ್ಯ ಅಂದ್ರೆ ಹೀಗಿರ್ಬೇಕು."

ಮೇಷ್ಟ್ರು ಅಲ್ಲ, ಅದು, ನಾನು ಎಂದು ಮೂರು ಪದ ಹೇಳುವಷ್ಟರಲ್ಲಿ ಡಬ್ಬಿ ಅಜ್ಜನ ಮಡಿಲು ಸೇರಿತ್ತು. ಅಜ್ಜ ತಲೆಬಾಗಿ ವಂದಿಸಿದ. ಸ್ಥಳೀಯ ಪತ್ರಿಕೆಯವಳೊಬ್ಬಳು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆದಳು. ನಾಳೆ ಬೆಳಿಗ್ಗೆ ಹಂದಿಯನ್ನು ಗುಡ್ಡದಾಚೆ ಅಟ್ಟಲು ಒಂದು ತಂಡ ಬೇಕೆಂದು ಇಸೊಬೆ ಹೇಳಿದಳು. ತಂಡಕ್ಕೊಬ್ಬ ಗಂಭೀರ ಮನುಷ್ಯ ಮುಖ್ಯಸ್ಥನಾಗಬೇಕಲ್ಲ, ಎಲ್ಲರ ಕಣ್ಣೂ ಒಟ್ಟಿಗೆ ಮೇಷ್ಟ್ರ ಮೇಲೆ ಬಿತ್ತು. ಚಪ್ಪಾಳೆಯೂ ಬಿತ್ತು. ತಲೆಯಿಲ್ಲದ ದೇವರ ಮುಂದೆಯೇ ಇಷ್ಟು ಮರ್ಯಾದೆ ಸಿಕ್ಕಾಗ ಮೇಷ್ಟ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಜನರೆದುರು ಆಗದ್ದು ಒಬ್ಬರೆದುರಾದರೂ ಆಗಲಿ ಎಂದು ನೇರ ದೇವಸ್ಥಾನದ ಮೆಟ್ಟಿಲು ಹತ್ತಿದರು. ಗುಡಿಯ ಗುರುಗಳು ಎಲೆ ಗುಡಿಸುತ್ತಿದ್ದರು. ಮೇಷ್ಟ್ರು ಕಲ್ಲುಹಾಸಿನ ಮೇಲೆ ಮಂಡಿಯೂರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಗುರುಗಳು ಪೊರಕೆ ಗೋಡೆಗೊರಗಿಸಿ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಗಂಟೊಂದನ್ನು ತಂದು ಬಿಚ್ಚಿದರು. ಒಳಗೆ ಜಿಜೊ ದೇವರು ನಗುತ್ತಿದ್ದರು.

"ಕತ್ತು ಸವೆದು ಮೊನ್ನೆನೇ ಬಿತ್ತಪ್ಪ. ಕಲ್ಲುಕುಟಿಗ ಬರ್ಲಿ ಅಂತ ತಂದಿಟ್ಟಿದೀನಿ. ನೀನ್ಯಾಕೆ ಇಷ್ಟು ನಡುಗ್ತಿದೀಯ?"

ಮೇಷ್ಟ್ರು ಗಾಳಿಯಲ್ಲಿ ತೇಲುವಂತೆ ಮೆಟ್ಟಿಲಿಳಿದರು. ಅರ್ಧ ಇಳಿದಾಗ ಕಾಲು ನಿಂತಿತು. ತಲೆ ಮೊನ್ನೆಯೇ ಬಿದ್ದಿದ್ದರೆ, ಇವತ್ತು ಕಟಕ್ಕೆಂದದ್ದು ಏನು?

ಮನೆಗೆ ಓಡಿ, ಶೆಡ್ಡಿನ ಬಾಗಿಲು ತೆರೆದು, ಕಾರಿನ ಮುಂದೆ ಮಂಡಿಯೂರಿದರು. ಚಾಲಕನ ಸೀಟಿನಿಂದ ಯಾವ ದೇವರಿಗೂ ಕಾಣದ ಆ ಎಡಮೂಲೆಯ ಬಂಪರಿನಡಿ ಹಳದಿ ಎಸಳುಗಳು ಒಂದು ಹಿಡಿಯಷ್ಟು ಸಿಕ್ಕಿಕೊಂಡಿದ್ದವು.

ಸಂಜೆ ಮೇಷ್ಟ್ರು ಬರಿಗೈಯಲ್ಲಿ ಹೋದರು. ಒಕಿಮುರ ಅಜ್ಜ ಬಾಗಿಲು ತೆಗೆದ ಕೂಡಲೇ ಹಣೆ ನೆಲಕ್ಕೆ ತಾಗುವಂತೆ ಬಾಗಿದರು.

"ಹಂದಿ ಅಲ್ಲ ಅಜ್ಜ. ನಾನು. ನನ್ನ ಕಾರು."

ಅಜ್ಜ ಓಣಿಯ ಎರಡೂ ತುದಿ ನೋಡಿ, ಮೇಷ್ಟ್ರ ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದ.

"ಮೆಲ್ಲಗೆ ಮಾತಾಡಿ ಮೇಷ್ಟ್ರೇ. ನಂಗೊತ್ತು. ಹಂದಿ ಎಲ್ಲಾದ್ರೂ ಟೈರಿನ ಗುರುತು ಬಿಟ್ಟು ಹೋಗುತ್ತಾ? ಜನ ಬರೋದ್ರೊಳಗೆ ನಾನೇ ಗುಡಿಸಿಬಿಟ್ಟೆ."

"ಗುಡಿಸಿದ್ರಾ? ಯಾಕೆ?" ಎಂದರು ಮೇಷ್ಟ್ರು.

ಅಜ್ಜ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದ. ಮೊದಲು ಗುಡಿಸಿದ್ದು ಮೇಷ್ಟ್ರ ಮಾನ ಉಳಿಯಲೆಂದೇ. ಆದರೆ ಮಧ್ಯಾಹ್ನ ಪ್ರದರ್ಶನದವರ ಫೋನು ಬಂದಿತ್ತು. ಪತ್ರಿಕೆಯವಳಿಂದ ಸುದ್ದಿ ತಿಳಿದು ಅವರಿಗೆ ಕರುಳು ಚುರ್ರೆಂದಿತ್ತಂತೆ. ಹಂದಿಗೆ ಬಲಿಯಾದ ಹೂವಿಗೆ ಈ ಸಲದ ವಿಶೇಷ ಬಹುಮಾನ, ಎಲ್ಲರೆದುರು ವೇದಿಕೆಯ ಮೇಲೆ. ಹತ್ತೊಂಬತ್ತು ವರ್ಷದಿಂದ ಗಿಡ ಹೊತ್ತುಕೊಂಡು ಹೋಗುತ್ತಿದ್ದ ಅಜ್ಜನಿಗೆ ಈವರೆಗೆ ಸಿಕ್ಕಿದ್ದು ಬರೀ ಭಾಗವಹಿಸಿದ ಚೀಟಿ.

"ಚೆನ್ನಾಗಿದ್ದಿದ್ರೆ ಈ ಸಲಾನೂ ಬರ್ತಿರ್ಲಿಲ್ಲ ಬಿಡಿ. ಎಡಗಡೆ ಹೂವು ಸ್ವಲ್ಪ ಸಣ್ಣ ಬಿಟ್ಟಿದ್ವು," ಎಂದ ಅಜ್ಜ.

ಮೇಷ್ಟ್ರು ಕೊನೆಯ ಪ್ರಯತ್ನ ಮಾಡಿದರು. ಇಸೊಬೆಗಾದರೂ ನಿಜ ಹೇಳಿಬಿಡುತ್ತೇನೆ, ಎದೆಯ ಭಾರ ಇಳಿಯುತ್ತದೆ ಎಂದರು. ಅಜ್ಜ ಒಪ್ಪಲಿಲ್ಲ. ಭಾರ ನಿಮ್ಮದು, ಅದನ್ನು ಇಳಿಸಿಕೊಳ್ಳಲು ನನ್ನ ಬಹುಮಾನವೇ ಬೇಕೇ ಎಂದು ಕೇಳಿದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಇಸೊಬೆ ಮೇಷ್ಟ್ರನ್ನು ಹುಡುಕಿಕೊಂಡು ಬಂದಿದ್ದಳು. ಕೈಯಲ್ಲಿ ಒಂದು ಸೀಟಿ, ಬಡಿಯಲು ಒಂದು ತಗಡಿನ ಡಬ್ಬಿ, 'ಮುಖ್ಯಸ್ಥ' ಎಂದು ಬರೆದ ತೋಳಪಟ್ಟಿ. ನಾಳೆ ಬೆಳಿಗ್ಗೆ ಐದಕ್ಕೆ ಗುಡ್ಡದ ಬುಡದಲ್ಲಿ ಹದಿನಾಲ್ಕು ಜನ ಕಾಯುತ್ತಿರುತ್ತಾರೆ ಎಂದು ಹೇಳಿ, ತೋಳಪಟ್ಟಿಯನ್ನು ತಾನೇ ಮೇಷ್ಟ್ರಿಗೆ ಕಟ್ಟಿ ಹೋದಳು.

ಒಕಿಮುರ ಅಜ್ಜ ಹೂರಣದ ಸಿಹಿಯೊಂದನ್ನು ಬಾಯಿಗೆ ಹಾಕಿಕೊಂಡು, ಮೇಷ್ಟ್ರ ಬೆನ್ನು ತಟ್ಟಿದ.

"ಹಂದಿ ಸಿಗದಿದ್ರೂ ಪರವಾಗಿಲ್ಲ ಮೇಷ್ಟ್ರೇ. ಆದ್ರೆ ಹುಡುಕೋದು ಮಾತ್ರ ಮನಸ್ಸಿಟ್ಟು ಹುಡುಕಿ."